ಬಣ್ಣ ಬಾರದ ಒಂದೇ ಕೋಳಿ

ಗೂಡಕ್ಕನಿಗೆ ಸಿಟ್ಟು ಬರಿಸಲು ಬಹಳ ಕಷ್ಟಪಡಬೇಕಾಗಿರಲಿಲ್ಲ. "ಕೋಳಿ ತಾನೇ, ಬಿಡಿ" ಎಂದರೆ ಸಾಕಿತ್ತು. ಆ ಮಾತಾಡಿದವರು ಗೇಟಿನ ಕಾವಲುಗಾರನಾಗಲಿ ಪ್ರಯೋಗಾಲಯದ ದೊಡ್ಡ ಸಾಹೇಬರೇ ಆಗಲಿ, ಅವರನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿ, "ಹೌದು, ನೀವು ಮನುಷ್ಯರು ತಾನೇ" ಎಂದು ಹೇಳಿ ಬಕೆಟ್ಟು ಎತ್ತಿಕೊಂಡು ಹೊರಟುಬಿಡುತ್ತಿದ್ದಳು. ಹೇಳಿಸಿಕೊಂಡವರಿಗೆ ಅದು ಹೊಗಳಿಕೆಯೋ ಬೈಗುಳವೋ ಎಂದು ತಿಳಿಯಲು ಅರ್ಧ ದಿನ ಬೇಕಾಗುತ್ತಿತ್ತು.

ಅವಳಿಗೆ ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಹಾಜರಿ ಪುಸ್ತಕ ಬರೆಯುವ ಗುಮಾಸ್ತನನ್ನು ಬಿಟ್ಟರೆ ಅದು ಯಾರ ಬಾಯಿಗೂ ಬರುತ್ತಿರಲಿಲ್ಲ. ಕೋಳಿರೋಗದ ಪ್ರಯೋಗಾಲಯದ ಹಿಂಬದಿಯಲ್ಲಿ, ಗಾಡಿ ನಿಲ್ಲಿಸುವ ಜಾಗ ದಾಟಿದರೆ ತಗಡಿನ ಮಾಡಿನ ಒಂದು ಉದ್ದನೆಯ ಕಟ್ಟಡ. ಕಿಟಕಿಗೆ ಎರಡು ಪದರ ಜಾಲರಿ, ಬಾಗಿಲಿಗೆ ಎರಡು ಚಿಲಕ, ಹೊಸ್ತಿಲಲ್ಲಿ ಕಾಲು ಅದ್ದಲು ಔಷಧಿ ನೀರಿನ ತೊಟ್ಟಿ. ಒಳಗೆ ನಲವತ್ತು ಕೋಳಿ. ಅವನ್ನು ನೋಡಿಕೊಳ್ಳುವುದು ಇವಳ ಕೆಲಸ, ಅದಕ್ಕೇ ಗೂಡಕ್ಕ. ನಿವೃತ್ತಿಗೆ ಇನ್ನು ಆರು ತಿಂಗಳಿತ್ತು.

ಇವಳು ಈ ಕೆಲಸಕ್ಕೆ ಬಂದದ್ದೇ ಒಂದು ಏಟು ತಿಂದು. ಇಪ್ಪತ್ತಾರರ ವಯಸ್ಸಿನಲ್ಲಿ ಇವಳೂ ಗಂಡನೂ ಮನೆಯ ಹಿಂದೆ ಶೆಡ್ಡು ಕಟ್ಟಿ ಮುನ್ನೂರು ಕೋಳಿ ಸಾಕಿದ್ದರು. ಇನ್ನೊಂದು ವಾರದಲ್ಲಿ ಮೊಟ್ಟೆ ಇಡಬೇಕು ಎನ್ನುವಾಗ ಒಂದು ಕೋಳಿ ಕತ್ತು ತಿರುಚಿಕೊಂಡು ಹಿಂದೆ ಹಿಂದೆ ನಡೆಯಿತು. ಮರುದಿನ ಹನ್ನೊಂದು ಸತ್ತವು. ಅದರ ಮರುದಿನ ಎಂಬತ್ತು. ಕೊಕ್ಕರೆ ರೋಗ. ಐದನೆಯ ದಿನ ಶೆಡ್ಡಿನಲ್ಲಿ ಸದ್ದೇ ಇರಲಿಲ್ಲ. ಅವಳಿಗೆ ನಂಬಲಾಗಲಿಲ್ಲ, ಏಕೆಂದರೆ ಮುನ್ನೂರಕ್ಕೂ ತಾನೇ ಕೈಯಾರೆ ಲಸಿಕೆ ಹಾಕಿದ್ದಳು. ನೋಡಲು ಬಂದ ಪಶುವೈದ್ಯರು ಸೀಸೆಯನ್ನು ಬೆಳಕಿಗೆ ಹಿಡಿದು, "ಲಸಿಕೆ ಬಿಸಿಲಿಗೆ ಸತ್ತುಹೋಗಿತ್ತಮ್ಮ, ನೀವು ಹಾಕಿದ್ದು ಬರೀ ನೀರು" ಎಂದರು.

"ಹಿಡಿದಿಲ್ಲ ಅಂತ ಮೊದಲೇ ತಿಳಿಯೋಕೆ ಆಗ್ತಿರಲಿಲ್ವಾ ಸಾರ್?" ಎಂದು ಇವಳು ಕೇಳಿದಳು.

"ರಕ್ತ ಪರೀಕ್ಷೆ ಮಾಡಿದ್ರೆ ತಿಳಿಯುತ್ತೆ. ಲಸಿಕೆ ಹಿಡಿದಿದ್ರೆ ರಕ್ತದಲ್ಲಿ ಅದರ ಗುರುತು ಇರುತ್ತೆ. ಆದ್ರೆ ಆ ಪರೀಕ್ಷೆ ಎಲ್ಲೋ ದೂರದಲ್ಲಿ ಆಗೋದು. ಅಷ್ಟು ಹೊತ್ತಿಗೆ ಕೋಳಿ ಎಲ್ಲಿರುತ್ತೆ ಹೇಳಿ."

ಆ ಮಾತು ಅವಳ ತಲೆಯೊಳಗೆ ಕೂತುಬಿಟ್ಟಿತು. ಗಂಡ ಶೆಡ್ಡು ಕಿತ್ತು, ಅದೇ ಜಾಗದಲ್ಲಿ ಹೊಲಿಗೆ ಯಂತ್ರ ಇಟ್ಟು ದರ್ಜಿಯಾದ. ಇವಳು ಪ್ರಯೋಗಾಲಯದ ತರಬೇತಿ ಕೋಣೆಗೆ ಕೆಲಸಕ್ಕೆ ಸೇರಿಕೊಂಡಳು. ಕೋಳಿ ಸಾಕುವವರಿಗೆ ಲಸಿಕೆ ಹಾಕಲು ಅಲ್ಲಿ ಕಲಿಸುತ್ತಿದ್ದರು. ಕೋಳಿಯನ್ನು ಎಡಕಂಕುಳಲ್ಲಿ ಅಮುಕಿ ಹಿಡಿದು, ಕಣ್ಣಿಗೆ ಒಂದೇ ಒಂದು ಹನಿ ಬಿಟ್ಟು, ಅದು ಕಣ್ಣು ಮಿಟುಕಿಸುವವರೆಗೆ ಬಿಡದೆ ಹಿಡಿದಿರುವುದನ್ನು ಮೂವತ್ತು ವರ್ಷ ಬಂದವರಿಗೆಲ್ಲ ಕಲಿಸಿದವಳು ಇವಳೇ. ಹನಿ ಬಿದ್ದ ಮೇಲೆ ಪೂರ್ತಿ ಒಳಗೆ ಹೋಯಿತೇ ಎಂದು ನೋಡದೆ ಕೋಳಿ ಕೆಳಗೆ ಬಿಟ್ಟವರ ಗತಿ ಕೇಳಬೇಡಿ. ಎದುರಿಗಿದ್ದವನು ಇನ್ನೂರು ಕೋಳಿಯ ಧಣಿಯಾದರೂ ಸರಿ, ಅವನ ಕಿವಿ ಹಿಂಡುವುದೊಂದೇ ಬಾಕಿ.

ಇನ್ನು ಪ್ರಯೋಗಾಲಯದ ಡಾಕ್ಟರಮ್ಮನ ವಿಷಯ. ಆಕೆ ಬಂದು ನಾಲ್ಕು ವರ್ಷವಾಗಿತ್ತು. ಗೂಡಕ್ಕನ ಮಗಳ ವಯಸ್ಸು, ತೆಳ್ಳಗೆ, ಊಟ ಮರೆತು ಕೆಲಸ ಮಾಡುವ ಜಾತಿ. ಬಂದದ್ದೇ ಒಂದು ಹಟ ಹಿಡಿದು: ಒಂದು ಹನಿ ರಕ್ತ ಸಾಕು, ಎರಡು ತಾಸು ಸಾಕು, ಕೋಳಿಗೆ ಲಸಿಕೆ ಹಿಡಿದಿದೆಯೋ ಇಲ್ಲವೋ ಎಂದು ಯಾವ ಸಣ್ಣ ಊರಿನಲ್ಲಾದರೂ ನೋಡಿ ಹೇಳುವಂಥ ಪರೀಕ್ಷೆಯೊಂದನ್ನು ಕಟ್ಟಬೇಕು. ಅಂಗೈಯಷ್ಟು ಪ್ಲಾಸ್ಟಿಕ್ಕಿನ ತಟ್ಟೆ, ಅದರಲ್ಲಿ ತೊಂಬತ್ತಾರು ಸಣ್ಣ ಕುಳಿ. ಕುಳಿಯ ತಳಕ್ಕೆ ಸತ್ತ ವೈರಸ್ಸಿನ ಚೂರು ಅಂಟಿಸಿರುತ್ತಾರೆ. ಅದರ ಮೇಲೆ ಕೋಳಿಯ ರಕ್ತದ ತಿಳಿ. ರಕ್ತದಲ್ಲಿ ಆ ರೋಗದ ವಿರುದ್ಧ ಪ್ರತಿಕಾಯ ಇದ್ದರೆ ಅದು ಹೋಗಿ ಅಂಟಿಕೊಳ್ಳುತ್ತದೆ, ಕೊನೆಯಲ್ಲಿ ಹಾಕುವ ದ್ರವ ಹಳದಿಗೆ ತಿರುಗುತ್ತದೆ. ಇಲ್ಲದಿದ್ದರೆ ನೀರು ನೀರಾಗಿಯೇ ಇರುತ್ತದೆ. ಹೇಳುವುದಕ್ಕೆ ಇಷ್ಟೇ.

ಇದನ್ನು ಮೊದಲ ಸಲ ಕೇಳಿದ ದಿನ ಗೂಡಕ್ಕ ಡಾಕ್ಟರಮ್ಮನ ಕೈ ಹಿಡಿದುಕೊಂಡು, "ಬೇಗ ಮಾಡಿ ತಾಯಿ, ಇನ್ನೆಷ್ಟು ಜನರ ಶೆಡ್ಡು ಖಾಲಿಯಾಗಬೇಕು" ಎಂದಳು. ಆಮೇಲೆ ಕೋಳಿ ನೋಡಿಕೊಳ್ಳಲು ಜನ ಬೇಕೆಂದಾಗ ತಾನೇ ಮುಂದೆ ಬಂದಳು. ಹಾಗೆ ತರಬೇತಿ ಕೋಣೆಯಿಂದ ಗೂಡಿಗೆ ವರ್ಗವಾಯಿತು. ತರಬೇತಿಯ ದಿನ ಮಾತ್ರ ಅಲ್ಲಿಗೂ ಕರೆಯುತ್ತಿದ್ದರು.

ಯಾವ ರೋಗವೂ ಸೋಂಕದ ನಲವತ್ತು ಶುದ್ಧ ಮರಿ ಬಂದವು. ಡಾಕ್ಟರಮ್ಮ ಗೋಡೆಗೆ ಹದಿನಾಲ್ಕು ನಿಯಮ ಬರೆದು ಅಂಟಿಸಿದರು. ಸ್ನಾನ ಮಾಡಿ ಒಳಗೆ ಬರಬೇಕು, ಒಳಗಿನ ಬಟ್ಟೆಯೇ ಬೇರೆ, ಒಳಗಿನ ಚಪ್ಪಲಿಯೇ ಬೇರೆ, ಮನೆಯಲ್ಲಿ ಹಕ್ಕಿ ಸಾಕಬಾರದು, ಮೇವು ಬೇಯಿಸಿದ್ದಾಗಿರಬೇಕು, ಹೀಗೆ. ಗೂಡಕ್ಕ ಹದಿನಾಲ್ಕನ್ನೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಪಾಲಿಸಿದಳು. ಹದಿನೈದನೆಯದು ಆ ಕಾಗದದಲ್ಲಿ ಇರಲಿಲ್ಲ. ಇವಕ್ಕೆ ಲಸಿಕೆ ಹಾಕಬೇಡಿ ಎಂದು ಯಾರೂ ಬರೆದಿರಲಿಲ್ಲ, ಯಾರೂ ಬಾಯಲ್ಲಿ ಹೇಳಿರಲೂ ಇಲ್ಲ. ಡಾಕ್ಟರಮ್ಮನ ಮಟ್ಟಿಗೆ ಅದು ಹೇಳುವ ಮಾತೇ ಅಲ್ಲ. ಬೆಂಕಿಗೆ ಕೈ ಇಡಬೇಡಿ ಎಂದು ಅಡುಗೆಮನೆಯ ಗೋಡೆಗೆ ಯಾರಾದರೂ ಬರೆದು ಅಂಟಿಸುತ್ತಾರೆಯೇ?

ಮರಿ ಬಂದ ಏಳನೆಯ ದಿನ ತರಬೇತಿ ಇತ್ತು. ಲಸಿಕೆಯ ಒಂದು ಸೀಸೆ ಒಡೆದರೆ ಇನ್ನೂರು ಕೋಳಿಗೆ ಸಾಲುತ್ತದೆ. ಕಲಿಸಲು ತಂದಿದ್ದದ್ದು ಹತ್ತು. ಉಳಿದದ್ದನ್ನು ಕುದಿಸಿ ಚೆಲ್ಲಬೇಕೆಂಬುದು ನಿಯಮ, ಕುದಿಸುವ ಕೆಲಸ ಗೂಡಕ್ಕನದು. ಅವಳು ಸೀಸೆಯನ್ನು ಕೈಯಲ್ಲಿ ಹಿಡಿದು ನಿಂತಳು. ತಣ್ಣಗಿತ್ತು. ಜೀವವಿದ್ದ ಲಸಿಕೆ. ಹಿಂದೆ ಗೂಡಿನಲ್ಲಿ ನಲವತ್ತು ಮರಿ, ಒಂದಕ್ಕೂ ಒಂದು ಹನಿ ಬಿದ್ದಿಲ್ಲ. ಡಾಕ್ಟರಮ್ಮ ಓದಿನ ಗಡಿಬಿಡಿಯಲ್ಲಿ ಮರೆತಿರಬೇಕು ಎಂದುಕೊಂಡಳು. ಕೇಳಿದರೆ ಸೀಸೆ ಹೊರಗೆ ಒಯ್ದದ್ದಕ್ಕೆ ಸಾಹೇಬರು ಕೂಗಾಡುತ್ತಾರೆ. ಎರಡು ಸಲ ಮೈಗೆ ಸೋಪು ಹಚ್ಚಿ ಸ್ನಾನ ಮಾಡಿ, ಸೀಸೆಯನ್ನು ಮಂಜುಗಡ್ಡೆಯ ಫ್ಲಾಸ್ಕಿನಲ್ಲಿಟ್ಟುಕೊಂಡು ಗೂಡಿಗೆ ಹೋದಳು. ಮೂವತ್ತೊಂಬತ್ತು ಮರಿಗಳಿಗೆ ಒಂದೊಂದು ಹನಿ.

ನಲವತ್ತನೆಯದಕ್ಕೆ ಹಾಕಲಿಲ್ಲ. ಅದರ ಒಂದು ಕಣ್ಣನ್ನು ಉಳಿದ ಮರಿಗಳು ಕುಕ್ಕಿ ಹಾಳುಮಾಡಿದ್ದವು, ಆ ಕಡೆ ಕೀವು, ಈ ಕಡೆಯ ಕಣ್ಣಲ್ಲೂ ನೀರು. ಅದನ್ನು ಪಕ್ಕದ ಕೋಣೆಯಲ್ಲಿ ಬೇರೆ ಬಟ್ಟೆ, ಬೇರೆ ಮೇವಿನ ತಟ್ಟೆ ಇಟ್ಟು ಬೇರೆಯೇ ಸಾಕುತ್ತಿದ್ದಳು. ಉಳಿದಿರುವ ಒಂದು ಕಣ್ಣಿಗೆ ಉರಿಯುವ ಔಷಧಿ ಬಿಡಲು ಅವಳಿಗೆ ಮನಸ್ಸಾಗಲಿಲ್ಲ. ಒಕ್ಕಣ್ಣಿ ಎಂದು ಹೆಸರಿಟ್ಟಳು. ಇದೊಂದಕ್ಕೆ ರೋಗ ಬಂದರೆ ಪಾಪ ನನ್ನದೇ ಎಂದುಕೊಂಡು ಅದಕ್ಕೆ ಎರಡು ಪಟ್ಟು ಜೋಪಾನ ಮಾಡಿದಳು.

ಆಮೇಲೆ ತರಬೇತಿ ಇದ್ದಾಗಲೆಲ್ಲ ಇದೇ ಆಯಿತು, ಒಕ್ಕಣ್ಣಿಯನ್ನು ಬಿಟ್ಟು ಉಳಿದವಕ್ಕೆಲ್ಲ ಒಂದೊಂದು ಹನಿ. ಹದಿನೆಂಟು ತಿಂಗಳು.

ಅದೇ ಹದಿನೆಂಟು ತಿಂಗಳು ಅತ್ತ ಮುಂದಿನ ಕಟ್ಟಡದಲ್ಲಿ ಡಾಕ್ಟರಮ್ಮ ತಲೆ ಚಚ್ಚಿಕೊಳ್ಳುತ್ತಿದ್ದರು. ಹದಿನೈದು ದಿನಕ್ಕೊಮ್ಮೆ ಬಂದು ಕೋಳಿಗಳ ರೆಕ್ಕೆಯಡಿಯ ನರದಿಂದ ಚೂರು ರಕ್ತ ತೆಗೆಯುತ್ತಿದ್ದರು. ಗೂಡಕ್ಕ ಹಿಡಿದುಕೊಳ್ಳುತ್ತಿದ್ದಳು. ಎರಡು ದಿನ ಬಿಟ್ಟು ಮುಖ ಜೋಲುಹಾಕಿಕೊಂಡು ಬರುತ್ತಿದ್ದರು.

"ಏನಾಯ್ತು ತಾಯಿ?"

"ಬಣ್ಣ ಬರಬಾರದ ಕಡೆ ಬರ್ತಿದೆ ಅಕ್ಕ."

"ಸರಿಯಾಗಿ ತೊಳೀತಿಲ್ಲ ನಿಮ್ಮ ಹುಡುಗೀರು. ನನ್ನ ಕೈಗೆ ಕೊಡಿ, ನಾನು ತೊಳ್ದುಕೊಡ್ತೀನಿ."

ಡಾಕ್ಟರಮ್ಮ ನಗುತ್ತಿದ್ದರು, ಆದರೆ ಹೋಗಿ ತಟ್ಟೆಗಳನ್ನು ಇನ್ನೂ ಎರಡು ಸಲ ಹೆಚ್ಚು ತೊಳೆಯುತ್ತಿದ್ದರು. ಕುಳಿಗಳಲ್ಲಿ ಬೇಡದ್ದು ಅಂಟದಿರಲೆಂದು ಹಾಲಿನ ಪುಡಿ ಕದಡಿದ ನೀರು ಹಾಕುವುದುಂಟು. ಆ ಹಾಲಿನ ಪುಡಿಯನ್ನೇ ನಾಲ್ಕು ಸಲ ಬದಲಾಯಿಸಿದರು. ನೀರು ಬದಲಾಯಿಸಿದರು, ತಟ್ಟೆ ಬದಲಾಯಿಸಿದರು, ಬೆಚ್ಚಗಿಡುವ ಪೆಟ್ಟಿಗೆಯನ್ನು ರಿಪೇರಿಗೆ ಕಳಿಸಿದರು. ಬಣ್ಣ ಜಪ್ಪಯ್ಯ ಎನ್ನಲಿಲ್ಲ. ಇದ್ದಕ್ಕಿದ್ದಂತೆ ಕೆಲವು ವಾರ ಇನ್ನೂ ಏರುತ್ತಿತ್ತು, ಮತ್ತೆ ಸ್ವಲ್ಪ ಇಳಿಯುತ್ತಿತ್ತು. ಆಕೆ ಎರಡು ಸಲ ಸಾಹೇಬರ ಬಾಯಿಂದ ಬೈಸಿಕೊಂಡರು. ಹೊರಗಿನಿಂದ ತಜ್ಞರ ಸಮಿತಿ ಬರುತ್ತದೆ, ಗುರುವಾರ ಕೆಲಸ ಮುಂದುವರಿಸುವುದೋ ಮುಚ್ಚುವುದೋ ತೀರ್ಮಾನ ಎಂಬ ಕಾಗದವೂ ಬಂತು.

ಬುಧವಾರ ಬೆಳಿಗ್ಗೆ ಡಾಕ್ಟರಮ್ಮ ಗೂಡಿಗೆ ಬಂದು, ಪಕ್ಕದ ಕೋಣೆಯ ಗಾಜಿನ ಮುಂದೆ ನಿಂತರು. ಕಣ್ಣು ಕೆಂಪಗಿದ್ದವು.

"ಅಕ್ಕ, ಈ ಒಕ್ಕಣ್ಣಿಗೆ ಏನಾದ್ರೂ ಕಾಯಿಲೆ ಇದೆಯಾ?"

"ಥೂ, ಬಿಡ್ತು ಅನ್ನಿ. ಗುಂಡುಕಲ್ಲಿನ ಹಾಗಿದ್ದಾಳೆ."

"ಮತ್ತೆ ಇವಳ ರಕ್ತದಲ್ಲಿ ಮಾತ್ರ ಯಾಕೆ ಬಣ್ಣ ಬರಲ್ಲ? ಒಂದು ಸಲನೂ ಬಂದಿಲ್ಲ. ಉಳಿದ ಮೂವತ್ತೊಂಬತ್ತರಲ್ಲೂ ಬರುತ್ತೆ. ನಾನು ಇವಳದ್ದೇ ಕೆಟ್ಟ ಮಾದರಿ ಅಂತ ಪ್ರತಿ ಸಲ ಪಟ್ಟಿಯಿಂದ ಹೊಡೆದುಹಾಕ್ತಾ ಬಂದೆ."

ಗೂಡಕ್ಕ ಮೇವಿನ ಡಬ್ಬ ಕೆಳಗಿಟ್ಟಳು. "ಬಣ್ಣ ಬಂದ್ರೆ ಒಳ್ಳೇದಲ್ವಾ ತಾಯಿ? ಗುಣ ಇರೋ ರಕ್ತ ಅಂತಲ್ವಾ?"

"ಬೇರೆ ಕೋಳೀಲಿ ಒಳ್ಳೇದು. ಇವುಗಳಲ್ಲಿ ಬರಬಾರದು. ಇವು ರೋಗನೂ ಕಂಡಿಲ್ಲ, ಲಸಿಕೆನೂ ಕಂಡಿಲ್ಲ. ಏನೂ ಇಲ್ಲದ ರಕ್ತ ಹೇಗಿರುತ್ತೆ ಅಂತ ತೋರಿಸೋಕೇ ಇವನ್ನ ಸಾಕಿರೋದು. ಇಲ್ಲ ಅನ್ನೋದು ಹೇಗಿರುತ್ತೆ ಅಂತ ಗೊತ್ತಿಲ್ಲದೆ, ಇದೆ ಅಂತ ಹೇಗೆ ಹೇಳೋದು?"

ಇಷ್ಟು ಹೇಳಿ ಆಕೆ ಹೊರಟುಹೋದರು. ಗೂಡಕ್ಕ ಗೋಡೆ ಹಿಡಿದುಕೊಂಡು ಅಲ್ಲೇ ಕೂತಳು. ಒಕ್ಕಣ್ಣಿಗೂ ಉಳಿದವಕ್ಕೂ ಇರುವ ವ್ಯತ್ಯಾಸ ಏನೆಂದು ಈ ಭೂಮಿಯ ಮೇಲೆ ಗೊತ್ತಿದ್ದದ್ದು ಅವಳೊಬ್ಬಳಿಗೇ. ಹಾಲಿನ ಪುಡಿಯಲ್ಲ, ನೀರಲ್ಲ, ತೊಳೆಯುವ ಹುಡುಗಿಯರಲ್ಲ. ತಾನು. ಮಗಳಂಥ ಆ ಡಾಕ್ಟರಮ್ಮ ಹದಿನೆಂಟು ತಿಂಗಳು ಊಟ ಬಿಟ್ಟು ಅತ್ತದ್ದು ತನ್ನ ಕೈಯ ಹನಿಗಳಿಂದ.

ಸಂಜೆ ಮನೆಯಲ್ಲಿ ಗಂಡನಿಗೆ ಎಲ್ಲ ಹೇಳಿದಳು. ಅವನು ಅಂಗಿಯೊಂದಕ್ಕೆ ಕಾಲರು ಕೂರಿಸುತ್ತಿದ್ದವನು ಯಂತ್ರ ನಿಲ್ಲಿಸಲಿಲ್ಲ.

"ಯಾರಿಗೂ ಗೊತ್ತಿಲ್ಲ ತಾನೇ?"

"ಇಲ್ಲ."

"ಮತ್ತೆ ಆರು ತಿಂಗಳು ತುಟಿ ಹೊಲ್ಕೊಂಡಿರು. ಬರಲ್ಲ ಅಂದ್ರೆ ಹೇಳು, ನಾನೇ ಹೊಲಿದುಕೊಡ್ತೀನಿ, ಕಾಜಾನೂ ಇಡಲ್ಲ."

"ತಮಾಷೆ ಮಾಡ್ಬೇಡ್ರಿ. ಆಯಮ್ಮನ ಕೆಲಸ ಮುಚ್ಚಿಬಿಡ್ತಾರೆ ನಾಳೆ."

"ಅವರು ಓದಿದೋರು ಕಣೇ. ಇದಲ್ಲದಿದ್ರೆ ಇನ್ನೊಂದು ಮಾಡ್ತಾರೆ. ನಿನ್ನನ್ನ ಕಳ್ಳಿ ಅಂತ ಹೊರಗೆ ಹಾಕಿದ್ರೆ ಈ ವಯಸ್ಸಲ್ಲಿ ಏನು ಮಾಡ್ತೀಯ? ಮೂವತ್ತು ವರ್ಷದ ಹೆಸರು ಮಣ್ಣುಪಾಲಾಗುತ್ತೆ."

"ಆ ಪರೀಕ್ಷೆ ಅವತ್ತು ಇದ್ದಿದ್ರೆ ನಮ್ಮ ಮುನ್ನೂರು ಉಳೀತಿದ್ವು."

ಅವನು ಯಂತ್ರ ನಿಲ್ಲಿಸಿದ. "ನಿನ್ನಿಷ್ಟ" ಎಂದ ಕೊನೆಗೆ. ಅವನ ಬಾಯಲ್ಲಿ ಆ ಮಾತಿಗೆ ಬೇಡ ಎಂದೇ ಅರ್ಥ ಎಂಬುದು ಇವಳಿಗೆ ಗೊತ್ತಿತ್ತು.

ಗುರುವಾರ ಹತ್ತೂವರೆಗೆ ಸಭೆ. ಉದ್ದನೆಯ ಮೇಜು, ನೀರಿನ ಬಾಟಲಿಗಳು, ಬಿಸ್ಕತ್ತಿನ ತಟ್ಟೆ. ಸಮಿತಿಯಲ್ಲಿ ಐದು ಜನ. ಹಿರಿಯರೊಬ್ಬರಿಗೆ ದಪ್ಪ ಬಿಳಿ ಮೀಸೆ, ಅವರೇ ಮುಖ್ಯಸ್ಥರು. ಕೋಳಿಗಳ ಆರೈಕೆಯ ಬಗ್ಗೆ ಕೇಳಬೇಕಾಗಬಹುದು ಎಂದು ದೊಡ್ಡ ಸಾಹೇಬರು ಗೂಡಕ್ಕನನ್ನೂ ಕರೆಸಿ ಬಾಗಿಲ ಹತ್ತಿರ ನಿಲ್ಲಿಸಿದ್ದರು. ತಪ್ಪು ಗೂಡಿನ ತಲೆಗೆ ಕಟ್ಟಲು ದಾರಿಯೊಂದು ಇರಲಿ ಎಂಬ ಲೆಕ್ಕಾಚಾರ ಅದು. ಪುಣ್ಯಾತ್ಮರಿಗೆ ತಾವು ಎಷ್ಟು ಸರಿ ಎಂಬುದೇ ಗೊತ್ತಿರಲಿಲ್ಲ!

ಡಾಕ್ಟರಮ್ಮ ಪರದೆಯ ಮೇಲೆ ಬಣ್ಣದ ಏರಿಳಿತದ ಗೆರೆಗಳನ್ನು ತೋರಿಸಿ ಮಾತಾಡಿದರು. ಬಿಳಿಮೀಸೆಯವರು ಪೆನ್ನಿನ ತುದಿಯಿಂದ ಕಾಗದ ತಟ್ಟಿದರು.

"ನಿಮ್ಮ ಶುದ್ಧ ಕೋಳಿಗಳಲ್ಲೇ ಬಣ್ಣ ಬರ್ತಿದೆ. ಒಂದರಲ್ಲಿ ಮಾತ್ರ ಬರ್ತಿಲ್ಲ, ಅದನ್ನ ನೀವು ತೆಗೆದುಹಾಕಿದ್ದೀರಿ. ಇವಕ್ಕೆ ಯಾವತ್ತಾದ್ರೂ ಲಸಿಕೆ ಆಗಿದೆಯಾ?"

"ಇಲ್ಲ ಸಾರ್. ಸಾಧ್ಯನೇ ಇಲ್ಲ."

"ಹಾಗಾದ್ರೆ ನಿಮ್ಮ ಪರೀಕ್ಷೆ ಇಲ್ಲದ್ದನ್ನ ಇದೆ ಅಂತ ಹೇಳ್ತಿದೆ. ಇಂಥದ್ದನ್ನ ಜನರ ಕೈಗೆ ಕೊಟ್ರೆ ಲಸಿಕೆ ಹಿಡಿಯದ ಕೋಳೀನೂ ಹಿಡಿದಿದೆ ಅಂತ ನಂಬ್ತಾರೆ. ಸತ್ತುಹೋಗ್ತವೆ."

"ಮುಚ್ಚೋದು ವಾಸಿ ಸಾರ್" ಎಂದರು ದೊಡ್ಡ ಸಾಹೇಬರು, ಬಿಸ್ಕತ್ತು ಮುರಿಯುತ್ತ. "ನಾಲ್ಕು ವರ್ಷ ಹಾಳಾಯ್ತು, ಇನ್ನು ಸಾಕು."

ಡಾಕ್ಟರಮ್ಮ ತಲೆ ತಗ್ಗಿಸಿದರು. ಗೂಡಕ್ಕ ತಡೆದುಕೊಂಡು ತಡೆದುಕೊಂಡು ನೋಡಿದಳು, ಆಗಲಿಲ್ಲ.

"ಒಕ್ಕಣ್ಣಿ ರಕ್ತ ಕೆಟ್ಟಿಲ್ಲ ಸಾರ್" ಎಂದಳು. ಅಷ್ಟು ದೊಡ್ಡ ಕೋಣೆಯಲ್ಲಿ ತನ್ನ ದನಿ ಕೇಳಿ ಅವಳಿಗೇ ಹೆದರಿಕೆಯಾಯಿತು. "ಪರೀಕ್ಷೆನೂ ಕೆಟ್ಟಿಲ್ಲ. ಉಳಿದ ಮೂವತ್ತೊಂಬತ್ತಕ್ಕೆ ನಾನು ಲಸಿಕೆ ಹಾಕಿದ್ದೀನಿ."

ಡಾಕ್ಟರಮ್ಮ ಕುರ್ಚಿಯಿಂದ ಅರ್ಧ ಎದ್ದವರು ಹಾಗೇ ನಿಂತರು. "ಅಕ್ಕ?" ಎಂದರು. "ಏನು ಹೇಳ್ತಿದ್ದೀರಿ ಅಕ್ಕ?"

"ತರಬೇತೀಲಿ ಉಳಿದಿದ್ದನ್ನ ಕುದಿಸಿ ಚೆಲ್ಲಬೇಕಿತ್ತು. ಚೆಲ್ಲಲಿಲ್ಲ. ಕಣ್ಣಿಗೆ ಬಿಟ್ಟೆ. ಏಳನೇ ದಿನದಿಂದ. ನನಗೆ ಗೊತ್ತಿರಲಿಲ್ಲ ತಾಯಿ. ಕಾಯಿಲೆ ಬರಬಾರದು ಅಂತ ಹಾಕಿದೆ."

ದೊಡ್ಡ ಸಾಹೇಬರು ಮೇಜು ಗುದ್ದಿ ಎದ್ದರು. "ತಲೆ ಇದೆಯೇನ್ರಿ ನಿಮಗೆ? ಇದು ಕಳ್ಳತನ, ಗೊತ್ತಾ? ಇವತ್ತೇ..." ಎಂದು ಶುರು ಮಾಡಿದವರನ್ನು ಬಿಳಿಮೀಸೆಯವರು ಕೈ ಎತ್ತಿ ಕೂರಿಸಿದರು. ಅವರಿಗೆ ಸಿಟ್ಟು ಬಂದಂತೆ ಕಾಣಲಿಲ್ಲ, ನಂಬಿಕೆ ಬಂದಂತೆಯೂ ಕಾಣಲಿಲ್ಲ. ಡಾಕ್ಟರಮ್ಮನನ್ನು ಉಳಿಸಲು ಈ ಹೆಂಗಸು ಕಥೆ ಕಟ್ಟುತ್ತಿದ್ದಾಳೆಯೇ ಎಂದು ಅವರ ಅನುಮಾನ.

"ತರಬೇತಿ ರಿಜಿಸ್ಟರ್ ತರಿಸಿ" ಎಂದರು.

ಅದು ಬಂತು. ಹದಿನೆಂಟು ತಿಂಗಳಲ್ಲಿ ಎಂಟು ತರಬೇತಿ. ಅವರು ಒಂದೊಂದೇ ತಾರೀಖು ಓದಿದರು, ಡಾಕ್ಟರಮ್ಮ ಪರದೆಯ ಮೇಲಿನ ಗೆರೆಯ ಮೇಲೆ ಬೆರಳಿಟ್ಟರು. ಮೊದಲನೆಯ ತಾರೀಖು, ಅದಾದ ಮೇಲೆ ತೆಗೆದ ಮೊದಲ ರಕ್ತದಲ್ಲೇ ಬಣ್ಣ. ಎರಡನೆಯ ತಾರೀಖು, ಎರಡು ವಾರಕ್ಕೆ ಗೆರೆ ಮೇಲಕ್ಕೆ. ಮೂರನೆಯದು, ಮೇಲಕ್ಕೆ. ನಾಲ್ಕನೆಯದು, ಮೇಲಕ್ಕೆ. ಹಾಲಿನ ಪುಡಿ ಬದಲಾಯಿಸಿದ್ದಕ್ಕೆ ಏರಿತು, ತಟ್ಟೆ ಬದಲಾಯಿಸಿದ್ದಕ್ಕೆ ಇಳಿಯಿತು ಎಂದು ಆಕೆ ಪುಟಗಟ್ಟಲೆ ಬರೆದಿಟ್ಟ ಕಾರಣಗಳೆಲ್ಲ ಅಲ್ಲೇ ಸುಳ್ಳಾಗುತ್ತ ಹೋದವು.

ಐದನೆಯ ತಾರೀಖು ಓದಿದಾಗ ಗೆರೆ ಏರಲಿಲ್ಲ. ಇಳಿಯುತ್ತಲೇ ಇತ್ತು.

"ನೋಡಿದ್ರಾ" ಎಂದರು ದೊಡ್ಡ ಸಾಹೇಬರು. "ಹೊಂದಲ್ಲ. ಸುಮ್ನೆ ಹೇಳ್ತಿದ್ದಾಳೆ."

ಬಿಳಿಮೀಸೆಯವರು ಕನ್ನಡಕದ ಮೇಲಿನಿಂದ ಗೂಡಕ್ಕನನ್ನು ನೋಡಿದರು. "ಈ ತಾರೀಖು ಲಸಿಕೆ ಹಾಕಿದ್ರಾ?"

ಗೂಡಕ್ಕ ತಾರೀಖನ್ನು ಇನ್ನೊಮ್ಮೆ ಹೇಳಿಸಿಕೊಂಡಳು. "ಅವತ್ತು ನಾನಿರಲಿಲ್ಲ ಸಾರ್. ಮಗಳ ಹೆರಿಗೆಗೆ ಹೋಗಿದ್ದೆ. ಇಪ್ಪತ್ತು ದಿನ ರಜ. ಗುಮಾಸ್ತರನ್ನ ಕೇಳಿ."

ಹಾಜರಿ ಪುಸ್ತಕ ತರಿಸಿದರು. ಇಪ್ಪತ್ತು ದಿನ ರಜ. ಬಿಳಿಮೀಸೆಯವರು ಆ ಪುಟವನ್ನು ನೋಡಿದರು, ಪರದೆ ನೋಡಿದರು, ಮತ್ತೆ ಪುಟ ನೋಡಿದರು. ಉಳಿದ ಮೂರು ತಾರೀಖನ್ನೂ ಓದಿದರು. ಮೂರಕ್ಕೂ ಗೆರೆ ಏರಿತ್ತು. ಅವರ ಕೈಯಲ್ಲಿದ್ದ ಪೆನ್ನು ಉರುಳಿ ಕೆಳಗೆ ಬಿತ್ತು, ಎತ್ತಿಕೊಳ್ಳಲಿಲ್ಲ.

"ನೀವು ರಜ ಹಾಕಿದ್ದೂ ಈ ತಟ್ಟೆಗೆ ಗೊತ್ತಾಗಿದೆಯಲ್ಲಮ್ಮ" ಎಂದರು. ಆಮೇಲೆ ಡಾಕ್ಟರಮ್ಮನ ಕಡೆ ತಿರುಗಿ, "ನಲವತ್ತು ವರ್ಷ ಈ ಕೆಲಸದಲ್ಲಿದ್ದೀನಿ. ಯಾರಿಗೂ ಹೇಳದೆ ಹಾಕಿದ ಲಸಿಕೆನ ಇಷ್ಟು ಚೆನ್ನಾಗಿ ಹಿಡಿದ ಪರೀಕ್ಷೆ ನಾನು ನೋಡಿಲ್ಲ. ಮೊದಲ ದಿನದಿಂದಲೇ ಸರಿಯಾಗಿತ್ತು ನಿಮ್ಮದು. ನೀವೇ ಅದನ್ನ ನಂಬಲಿಲ್ಲ" ಎಂದರು.

ಡಾಕ್ಟರಮ್ಮ ಕುರ್ಚಿಗೆ ಕುಸಿದು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಅಳುತ್ತಿದ್ದರೋ ನಗುತ್ತಿದ್ದರೋ, ಎರಡೂ ಇರಬೇಕು. ಸಮಿತಿಯವರೆಲ್ಲ ಒಟ್ಟಿಗೆ ಮಾತಾಡತೊಡಗಿದರು. ಗೂಡಕ್ಕನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ದೊಡ್ಡ ಸಾಹೇಬರು, "ನೀವು ನಾಳೆಯಿಂದ ಬರಬೇಡಿ, ವಿಚಾರಣೆ ಆಗುತ್ತೆ" ಎಂದಾಗಲೂ ಅವಳು "ಆಗ್ಲಿ ಸಾರ್" ಎಂದಳು. ಆ ಏಟಿಗೆ ಬೆನ್ನು ಕೊಟ್ಟೇ ಬಂದಿದ್ದಳು.

ಬಾಗಿಲು ದಾಟುವ ಹೊತ್ತಿಗೆ ಹಿಂದಿನಿಂದ ಸಾಹೇಬರು ಡಾಕ್ಟರಮ್ಮನಿಗೆ ಹೇಳಿದ್ದು ಕಿವಿಗೆ ಬಿತ್ತು.

"ನಾಳೆ ಮಧ್ಯಾಹ್ನದೊಳಗೆ ಗೂಡು ಖಾಲಿ ಆಗ್ಬೇಕು. ತೊಳೆದು ಹೊಸ ಮರಿ ತರಿಸಿ. ಒಕ್ಕಣ್ಣಿ ಒಂದನ್ನ ಇಟ್ಕೊಳ್ಳಿ."

ಗೂಡಕ್ಕ ನಿಂತಳು. "ಖಾಲಿ ಅಂದ್ರೆ? ಅವು ಎಲ್ಲಿಗೆ ಹೋಗ್ತವೆ?"

ಬಿಳಿಮೀಸೆಯವರೇ ಮೆಲ್ಲಗೆ ಹೇಳಿದರು. "ಪ್ರಯೋಗದ ಕೋಳೀನ ಹೊರಗೆ ಕೊಡೋ ಹಾಗಿಲ್ಲಮ್ಮ. ಜೀವ ಇರೋ ಲಸಿಕೆ ಒಳಗೆ ಹೋಗಿರೋದ್ರಿಂದ ಅಲ್ಲೇ ಇಟ್ಕೊಳ್ಳೋ ಹಾಗೂ ಇಲ್ಲ. ನೋವಾಗದ ಹಾಗೆ ಮಾಡ್ತಾರೆ."

"ಸಾಯಿಸೋದಾ?" ಎಂದಳು. "ಅವಕ್ಕೇನಾಗಿದೆ ಸಾರ್? ಹಾಕಿದ್ದು ನಾನು. ಅವೇನು ಮಾಡಿದ್ವು? ನನ್ನ ಮನೆಗೆ ಕೊಡಿ, ನಾನು ಸಾಕ್ತೀನಿ. ಕಾಲಿಗೆ ಬೇಕಾದ್ರೂ ಬೀಳ್ತೀನಿ."

"ಕೋಳಿ ತಾನೇ, ಬಿಡ್ರಿ" ಎಂದರು ದೊಡ್ಡ ಸಾಹೇಬರು. ಅವತ್ತು ಗೂಡಕ್ಕನ ಬಾಯಿಂದ ಏನೂ ಬರಲಿಲ್ಲ.

ಗೂಡಿನ ಬಾಗಿಲ ಹತ್ತಿರ ಡಾಕ್ಟರಮ್ಮ ಓಡಿ ಬಂದು ಅವಳ ಕೈ ಹಿಡಿದರು. ಕೆನ್ನೆ ಇನ್ನೂ ಒದ್ದೆ. "ಅಕ್ಕ, ನಿಮ್ಮ ಮೇಲೆ ನನಗೆ ಕೋಪ ಇಲ್ಲ. ನೀವು ಹೇಳದೆ ಇದ್ದಿದ್ರೆ ಇವತ್ತು ನನ್ನ ಕೆಲಸ ಎಲ್ಲ ಮುಗಿದುಹೋಗ್ತಿತ್ತು. ನಿಮ್ಮ ವಿಚಾರಣೆಗೆ ನಾನು ಬರ್ತೀನಿ, ನಿಮ್ಮ ಪರವಾಗಿ..."

"ನನ್ನ ಕೆಲಸ ಹೋಗುತ್ತೆ ಅಂತ ಗೊತ್ತಿದ್ದೇ ಬಾಯಿ ಬಿಟ್ಟೆ ತಾಯಿ" ಎಂದಳು ಗೂಡಕ್ಕ. "ಅದಕ್ಕೆ ನನಗೆ ಬೇಜಾರಿಲ್ಲ. ಇವುಗಳ ಜೀವ ಹೋಗುತ್ತೆ ಅಂತ ಗೊತ್ತಿದ್ರೆ ಬಾಯಿ ಬಿಡ್ತಿರಲಿಲ್ಲ. ನಿಮ್ಮಾಣೆಗೂ ಬಿಡ್ತಿರಲಿಲ್ಲ. ನಿಮ್ಮ ಪರೀಕ್ಷೆ ಮುಚ್ಚಿಹೋಗೋದನ್ನ ನೋಡ್ಕೊಂಡು ಬಾಗಿಲ ಹತ್ರ ಸುಮ್ನೆ ನಿಂತಿರ್ತಿದ್ದೆ."

ಡಾಕ್ಟರಮ್ಮ ಅವಳ ಮುಖವನ್ನೇ ನೋಡಿದರು. ಹಿಡಿದಿದ್ದ ಕೈ ತಾನಾಗಿ ಸಡಿಲವಾಯಿತು.

ಮಧ್ಯಾಹ್ನದ ಮೇವಿನ ಹೊತ್ತಾಗಿತ್ತು. ಗೂಡಕ್ಕ ಒಳಗೆ ಹೋಗಿ ನೀರು ಬದಲಾಯಿಸಿದಳು, ತಟ್ಟೆಗಳನ್ನು ಒರೆಸಿ ಮೇವು ಹಾಕಿದಳು. ಮೂವತ್ತೊಂಬತ್ತೂ ಒಂದನ್ನೊಂದು ತಳ್ಳಿಕೊಂಡು ಬಂದು ತಿಂದವು. ಒಂದಕ್ಕೂ ಕಾಯಿಲೆ ಇರಲಿಲ್ಲ.